ಸೀಸೆಯೊಳಗಣ ಉಸಿರು

ಕಳೆದ ತಿಂಗಳು ಒಂದು ಭಾನುವಾರ, ಬೆಳಗಿನ ಜಾವ ಐದು ಗಂಟೆಗೆ ನಮ್ಮ ಮನೆಯ ಟೆಲಿಫೋನು ಗಂಟೆ ಬಾರಿಸಿತು. ಆ ಹೊತ್ತಿನಲ್ಲಿ ಗಂಟೆ ಬಾರಿಸಿದರೆ ನನ್ನ ವಯಸ್ಸಿನವರ ಮನಸ್ಸಿಗೆ ಮೊದಲು ಬರುವ ಯೋಚನೆ ಯಾವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುಗುವ ಕೈಯಿಂದ ಎತ್ತಿಕೊಂಡೆ. ಮಾತನಾಡಿದವನು ನನ್ನ ತಂಗಿಯ ಮಗ. ಅಮೆರಿಕದ ಒರಿಗಾನ್ ರಾಜ್ಯದಲ್ಲಿ ಎಂಜಿನಿಯರಾಗಿದ್ದಾನೆ. ಅವನಿಗೆ ಅದು ಶನಿವಾರದ ಸಂಜೆ.

"ಮಾವ, ನೀವು ಕೆಮಿಸ್ಟ್ರಿ ಮೇಷ್ಟರಲ್ಲವೇ? ಒಂದು ಸಂಗತಿ ಕೇಳಬೇಕಾಗಿತ್ತು. ಅಮ್ಮನಿಗೆ ಮಾತ್ರ ಹೇಳಬೇಡಿ" ಎಂದನು.

ಸಂಗತಿ ಇಷ್ಟು: ಅವನು ಮನೆಯಲ್ಲಿಯೇ ಬೀರು ಕಾಯಿಸಿ, ಹುದುಗಿಸಿ, ನಲವತ್ತೆಂಟು ಸೀಸೆಗಳಲ್ಲಿ ತುಂಬಿ ಬಟ್ಟೆಯ ಬೀರುವಿನಲ್ಲಿ ಇಟ್ಟಿದ್ದನಂತೆ. ಆ ದಿನ ಒಂದನ್ನು ತೆರೆಯಲು, ಒಳಗಿದ್ದುದೆಲ್ಲ ನೊರೆಯಾಗಿ ಮೇಲೆದ್ದು ಅಡಿಗೆಮನೆಯ ತಾರಸಿಗೆ ಬಡಿಯಿತಂತೆ. ಅದನ್ನು ಒರೆಸುತ್ತಿರುವಾಗಲೇ ಬೀರುವಿನಲ್ಲಿ ಇನ್ನೊಂದು ಸೀಸೆ ತಾನಾಗಿ ಸಿಡಿದು ಅವನ ಅಂಗಿಗಳನ್ನೆಲ್ಲ ಗಾಜಿನ ಚೂರುಗಳಿಂದ ತುಂಬಿತಂತೆ. "ಉಳಿದವನ್ನು ಎತ್ತಿಕೊಂಡು ಹೋಗಿ ಹೊರಗಿಡಲೇ?" ಎಂದು ಕೇಳಿದನು.

"ಒಂದನ್ನೂ ಮುಟ್ಟಬೇಡ. ಬೀರುವಿನ ಬಾಗಿಲು ಹಾಕು. ಕೋಣೆಯ ಕಿಟಕಿ ತೆರೆದು, ಒಳಗೆ ಎಷ್ಟು ತಣ್ಣಗಾಗುವುದೋ ಅಷ್ಟು ತಣ್ಣಗಾಗಲಿ. ಒಂದು ಗಂಟೆ ಬಿಟ್ಟು ಮತ್ತೆ ಕರೆ" ಎಂದು ಹೇಳಿ ಟೆಲಿಫೋನು ಕೆಳಗಿಟ್ಟೆ. ನನ್ನ ತಂಗಿ ಈ ಪತ್ರಿಕೆಯನ್ನು ತರಿಸುವುದಿಲ್ಲವೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬೀರು ಕುಡಿಯುವವನಲ್ಲ. ಕುಡಿಯುವುದರ ಪರವಾಗಿ ವಕಾಲತ್ತು ವಹಿಸುವುದೂ ನನ್ನ ಉದ್ದೇಶವಲ್ಲ. ಅನುಮತಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ನಮ್ಮ ನಾಡಿನಲ್ಲಿ ಅಪರಾಧವೆಂಬುದನ್ನು ವಾಚಕರು ಬಲ್ಲರು. ಅಮೆರಿಕದಲ್ಲಿ ಮನೆಯ ಬಳಕೆಗಾಗಿ ಬೀರು ಮಾಡಿಕೊಳ್ಳುವುದಕ್ಕೆ ಒಪ್ಪಿಗೆ ಕೊಡುವ ಶಾಸನಕ್ಕೆ ಅಧ್ಯಕ್ಷ ಕಾರ್ಟರರು 1978ರಲ್ಲಿ ರುಜು ಹಾಕಿದರು. ಇಂಗ್ಲೆಂಡಿನಲ್ಲಿ 1880ರಿಂದ ಇದಕ್ಕೆ ಲೈಸೆನ್ಸು ಬೇಕಾಗಿದ್ದಿತು. 1963ರಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕಿದರು. ಆ ಬಳಿಕ ಅಲ್ಲಿಯ ಎಷ್ಟೋ ಸಂಸಾರವಂದಿಗರ ಅಡಿಗೆಮನೆಗಳಲ್ಲಿ, ನಮ್ಮಲ್ಲಿ ಉಪ್ಪಿನಕಾಯಿ ಜಾಡಿ ಇರುವಂತೆ, ಬೀರಿನ ಬಕೆಟ್ಟು ಒಂದು ಮೂಲೆಯಲ್ಲಿ ಕುಳಿತುಕೊಂಡಿತು. ಅಂತಹದೊಂದು ಅಡಿಗೆಮನೆಯಲ್ಲಿ ನಾನು ಎರಡು ವರ್ಷ ಊಟ ಮಾಡಿದವನು. ಆ ಬಕೆಟ್ಟಿಗೆ ಒಮ್ಮೆ ದ್ರೋಹವನ್ನೂ ಮಾಡಿದವನು. ಸೋದರಳಿಯನಿಗೆ ಥಟ್ಟನೆ ಉತ್ತರ ಕೊಡಲು ಸಾಧ್ಯವಾದದ್ದು ರಸಾಯನಶಾಸ್ತ್ರದ ಬಲದಿಂದಲ್ಲ, ಆ ದ್ರೋಹದ ನೆನಪಿನಿಂದ.

ಮೊದಲು ವಿಷಯವನ್ನು ಸ್ವಲ್ಪ ಹೇಳಬೇಕು. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿಯಾದ ಕಷಾಯ ಬರುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟು ಬೆರಸುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡಯಾಕ್ಸೈಡನ್ನೂ ಬಿಡುತ್ತದೆ. ರಾತ್ರಿ ಮುಚ್ಚಿಟ್ಟ ಇಡ್ಲಿಯ ಹಿಟ್ಟು ಬೆಳಗ್ಗೆ ಪಾತ್ರೆಯ ಅಂಚಿಗೆ ಬಂದು ನಿಲ್ಲುವುದೂ ಇದೇ ಅನಿಲದ ಪ್ರತಾಪವೇ. ಅಲ್ಲಿ ಕೆಲಸಮಾಡುವ ಜೀವಾಣುಗಳು ಮಾತ್ರ ಬೇರೆ. ಬಕೆಟ್ಟಿನಲ್ಲಿ ಹುದುಗುವಾಗ ಅನಿಲ ಬಹುಮಟ್ಟಿಗೆ ಗಾಳಿಗೆ ಹೋಗಿಬಿಡುತ್ತದೆ. ಆದ್ದರಿಂದ ಹುದುಗುವುದು ಮುಗಿದ ಬೀರು ಸಪ್ಪೆ. ಅದಕ್ಕೆ ಜೀವ ಬರಬೇಕಾದರೆ, ಸೀಸೆಗೆ ತುಂಬುವಾಗ ಅಳೆದು ಸ್ವಲ್ಪ ಸಕ್ಕರೆ ಕೊಟ್ಟು ಬಾಯಿ ಬಿಗಿಯಬೇಕು. ಬೀರಿನಲ್ಲಿ ಕಣ್ಣಿಗೆ ಕಾಣದಂತೆ ಉಳಿದಿರುವ ಯೀಸ್ಟು ಆ ಸಕ್ಕರೆಯನ್ನು ತಿಂದು ಮತ್ತೆ ಅನಿಲ ಬಿಡುತ್ತದೆ. ಹೋಗಲು ದಾರಿಯಿಲ್ಲದೆ ಆ ಅನಿಲ ಬೀರಿನಲ್ಲಿಯೇ ಕರಗುತ್ತದೆ. ತೆರೆದಾಗ ಸುಸ್ಸೆಂದು ಹೊರಡುವ ಉಸಿರು ಅದೇ.

ಎಲ್ಲವೂ ಆ ಅಳತೆಯ ಮೇಲೆ ನಿಂತಿದೆ. ಒಂದು ಗ್ರಾಮು ಸಕ್ಕರೆಯಿಂದ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಅನಿಲ. ಲೀಟರಿಗೆ 4 ಗ್ರಾಮು ಸಕ್ಕರೆ ಹಾಕಿದರೆ ಒಂದು ಲೀಟರು ಬೀರಿನೊಳಗೆ ಸುಮಾರು ಒಂದು ಲೀಟರು ಅನಿಲ ಹೊಸದಾಗಿ ಕರಗುತ್ತದೆ. ಹುದುಗಿದ ಬೀರಿನಲ್ಲಿ ಮೊದಲೇ ಉಳಿದಿರುವುದು, ಕೋಣೆಯ ಶಾಖ 20 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಎರಡೂ ಕೂಡಿ ಸುಮಾರು ಎರಡು ಲೀಟರಾದರೆ ಇಂಗ್ಲೆಂಡಿನವರಿಗೆ ತೃಪ್ತಿ. ಅಮೆರಿಕದ ತೆಳುವಾದ ಬೀರಿಗೆ ಎರಡೂವರೆ ಬೇಕು. ಮೂರನ್ನು ಮೀರಿದರೆ ಸಾಧಾರಣ ಸೀಸೆಯನ್ನು ನಂಬಬಾರದು. ಷಾಂಪೇನಿನ ಒತ್ತಡ ಸುಮಾರು ಆರು ವಾಯುಮಂಡಲಗಳಷ್ಟು. ಅದರ ಸೀಸೆ ಅಷ್ಟು ದಪ್ಪವಾಗಿ, ತಳ ಒಳಕ್ಕೆ ತಗ್ಗಾಗಿ ಇರುವುದು ಅಲಂಕಾರಕ್ಕಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪ್ರಾಂತದ ನೆಲಮಾಳಿಗೆಗಳಲ್ಲಿ ಕೆಲಸಮಾಡುತ್ತಿದ್ದವರು ಮುಖಕ್ಕೆ ಕಬ್ಬಿಣದ ಮುಖವಾಡ ಧರಿಸಿಕೊಳ್ಳುತ್ತಿದ್ದರು. ಸಕ್ಕರೆಯನ್ನು ಲೆಕ್ಕಹಾಕಿ ಕೊಡುವ ಕ್ರಮವನ್ನು 1830ರ ದಶಕದಲ್ಲಿ ಫ್ರಾನ್ಸ್ವಾ ಎಂಬ ಒಬ್ಬ ಔಷಧ ವ್ಯಾಪಾರಿ ತೋರಿಸಿಕೊಟ್ಟನು. ಅಲ್ಲಿಯವರೆಗೆ ಅವರದು ಕೈಯಳತೆ, ಕಣ್ಣಂದಾಜು. ಒಂದು ಸೀಸೆ ಸಿಡಿದರೆ ಪಕ್ಕದ್ದೂ ಸಿಡಿದು ಸಾಲಿಗೆ ಸಾಲೇ ಹೋಗುತ್ತಿದ್ದಿತು.

ನಾನು ಲೀಡ್ಸ್ ನಗರಕ್ಕೆ ಹೋದದ್ದು 1981ರಲ್ಲಿ. ಮೈಸೂರಿನ ಕಾಲೇಜಿನಲ್ಲಿ ಐದಾರು ವರ್ಷ ಪಾಠ ಹೇಳಿ, ಸಂಶೋಧನೆಗೆಂದು ರಜೆ ಪಡೆದು ಹೋಗಿದ್ದೆ. ರಸಾಯನಶಾಸ್ತ್ರದವನಿಗೆ ಆ ಊರು ಒಂದು ಯಾತ್ರಾಸ್ಥಳವೆಂದೇ ಹೇಳಬೇಕು. 1767ರಲ್ಲಿ ಅಲ್ಲಿಗೆ ಪಾದ್ರಿಯಾಗಿ ಬಂದ ಜೋಸೆಫ್ ಪ್ರೀಸ್ಟ್ಲಿ ಮೊದಲು ಮನೆ ಮಾಡಿದ್ದು ಬೀರಿನ ಕಾರ್ಖಾನೆಯೊಂದರ ಪಕ್ಕದಲ್ಲಿ. ಹುದುಗುವ ಕಡಾಯಿಗಳ ಮೇಲೆ ಒಂದು ಭಾರವಾದ ಗಾಳಿ ಪದರವಾಗಿ ನಿಂತಿರುವುದನ್ನೂ, ಉರಿಯುವ ಕಡ್ಡಿಯನ್ನು ಅದರಲ್ಲಿ ಇಳಿಸಿದರೆ ನಂದುವುದನ್ನೂ ಆತ ಗಮನಿಸಿದನು. ಆ ಗಾಳಿಯನ್ನು ನೀರಿನಲ್ಲಿ ಕರಗಿಸುವ ಉಪಾಯವನ್ನು ಕಂಡುಹಿಡಿದು 1772ರಲ್ಲಿ ಒಂದು ಪುಸ್ತಿಕೆಯಾಗಿ ಪ್ರಕಟಿಸಿದನು. ಜಗತ್ತಿನ ಸೋಡಾ ನೀರಿಗೆಲ್ಲ ಅದೇ ಮೂಲ. ನಮ್ಮ ಜಾತ್ರೆಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ಕೀಚೆಂದು ತೆರೆಯುವ ಗೋಲಿ ಸೋಡಾದ ಸೀಸೆಯೂ ಇಂಗ್ಲೆಂಡಿನದೇ: ಹೈರಮ್ ಕಾಡ್ ಎಂಬಾತ 1870ರ ದಶಕದ ಆರಂಭದಲ್ಲಿ ಅದಕ್ಕೆ ಪೇಟೆಂಟು ಪಡೆದನು. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೆ ಒತ್ತಿ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುವ ಆ ಏರ್ಪಾಡನ್ನು ನಾನು ಹುಡುಗನಾಗಿದ್ದಾಗ ಎಷ್ಟು ಸಲ ನೋಡಿದ್ದರೂ, ಅದರ ಜಾಣ್ಮೆ ಹೊಳೆದದ್ದು ಲೀಡ್ಸಿನಲ್ಲಿ.

ನನಗೆ ಕೋಣೆ ಕೊಟ್ಟಿದ್ದ ಮನೆಯ ಯಜಮಾನರು ಉಗಿಬಂಡಿಯಲ್ಲಿ ಫೈರ್‌ಮನ್ ಆಗಿದ್ದವರು. ಬ್ರಿಟಿಷ್ ರೈಲ್ವೆಯಲ್ಲಿ 1968ರಲ್ಲಿ ಉಗಿಯ ಕಾಲ ಮುಗಿದ ಮೇಲೆ ಬೇರೆ ಏನೇನೋ ಕೆಲಸ ಮಾಡಿ ವಿಶ್ರಾಂತರಾಗಿದ್ದರು. ಮಿತಭಾಷಿ. ಕಣ್ಣಿಗೆ ಪೊರೆ ಬರುತ್ತಿದ್ದಿತು, ಒಪ್ಪಿಕೊಳ್ಳುತ್ತಿರಲಿಲ್ಲ. ಅವರ ಹೆಂಡತಿ ನನ್ನನ್ನು 'ಲವ್' ಎಂದು ಕರೆಯುತ್ತಿದ್ದರು. ಮೊದಲ ದಿನ ನಾನು ತಬ್ಬಿಬ್ಬಾದೆ. ಆ ಊರಿನಲ್ಲಿ ಬಸ್ಸಿನ ಕಂಡಕ್ಟರಿನಿಂದ ಹಿಡಿದು ತರಕಾರಿಯವಳವರೆಗೆ ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುವರೆಂದು ವಾರದೊಳಗೆ ತಿಳಿಯಿತು. ನಮ್ಮ 'ಅಪ್ಪಾ', 'ಮಗು' ಇದ್ದಂತೆ.

1982ರ ಚಳಿಗಾಲದಲ್ಲಿ ಆ ಮನೆಗೆ ಒಂದು ದೊಡ್ಡ ನಿರೀಕ್ಷೆ ಇದ್ದಿತು. ಅವರ ಒಬ್ಬಳೇ ಮಗಳು ಕೆನಡಾ ದೇಶಕ್ಕೆ ಹೋಗಿ ಹನ್ನೊಂದು ವರ್ಷವಾಗಿದ್ದು, ಮೊದಲ ಬಾರಿಗೆ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕ್ರಿಸ್ಮಸಿಗೆ ಬರುವವಳಿದ್ದಳು. ಅಳಿಯನನ್ನು ಮಾವ ನೋಡಿಯೇ ಇರಲಿಲ್ಲ. ಅವನಿಗೆ ತಮ್ಮ ಕೈಯ ಬೀರನ್ನು ಕೊಡಬೇಕೆಂದು ಮುದುಕರು ಅಕ್ಟೋಬರಿನಿಂದಲೇ ಬಾರ್ಲಿ ತಂದಿಟ್ಟಿದ್ದರು. ಮಾತನಾಡಲು ಬಾರದ ಗಂಡಸು ಮಾತಿಗೆ ಬದಲಾಗಿ ಏನನ್ನಾದರೂ ಮಾಡಿಡುವನಷ್ಟೆ.

ನವೆಂಬರಿನ ಕೊನೆಯ ಶನಿವಾರ ಸೀಸೆಗೆ ತುಂಬುವ ಕೆಲಸ. ನಲವತ್ತು ಪೈಂಟು ಸೀಸೆಗಳು, ಸುಮಾರು 23 ಲೀಟರು. ಕಣ್ಣು ಮಂಜಾಗಿದ್ದರಿಂದ ನನ್ನನ್ನು ಸಹಾಯಕ್ಕೆ ಕರೆದರು. ಹಿಂದಿನ ಸಲ ಅವರು ಒಂದೊಂದು ಸೀಸೆಗೂ ಚಮಚದಿಂದ ಸಕ್ಕರೆ ಹಾಕಿದ್ದುದನ್ನು ನಾನು ನೋಡಿದ್ದೆನು. ಈ ಸಲ, ಎಲ್ಲಕ್ಕೂ ಒಂದೇ ಸಮನಾಗಿ ಬೀಳಲೆಂದು, 100 ಗ್ರಾಮು ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬಕೆಟ್ಟಿಗೇ ಬೆರಸಿದ್ದರು. ಅದು ನಾನು ಕೆಳಗಿಳಿದು ಬರುವ ಮೊದಲೇ ಆಗಿಹೋಗಿದ್ದಿತು. ಅವರು ರಬ್ಬರು ಕೊಳವೆಯಿಂದ ತುಂಬಿ ತುಂಬಿ ನನ್ನ ಕಡೆ ಸರಿಸುವರು. ತಗಡಿನ ಮುಚ್ಚಳವಿಟ್ಟು ಅಮುಕುವುದು ನನ್ನ ಪಾಲು. ಮೇಜಿನ ಮೇಲೆ ಸಕ್ಕರೆಯ ಡಬ್ಬಿಯೂ ಚಮಚವೂ ಇದ್ದವು, ಚಹಾಕ್ಕಾಗಿ ಇಟ್ಟದ್ದು. ಮುದುಕರು ಈ ಸಲ ಸಕ್ಕರೆ ಹಾಕುವುದನ್ನು ಮರೆತರೆಂದು ನಾನು ತಿಳಿದೆ. ಅವರ ಮರೆವನ್ನು ಎತ್ತಿ ತೋರಿಸಬಾರದೆಂಬ ದೊಡ್ಡತನದಿಂದ, ಸದ್ದಿಲ್ಲದೆ ಒಂದೊಂದು ಸೀಸೆಗೂ ಒಂದೊಂದು ಚಮಚ ಹಾಕಿ ಮುಚ್ಚಳ ಅಮುಕಿದೆನು. ಅವರಿಗೆ ಕಾಣಿಸಲಿಲ್ಲ.

ಸಂಜೆ ಚಹಾ ಕುಡಿಯುತ್ತಿರುವಾಗ ಅವರು, "ಈ ಸಲ ಸಕ್ಕರೆಯನ್ನು ಬಕೆಟ್ಟಿಗೇ ಹಾಕಿದ್ದು ಒಳ್ಳೆಯದಾಯಿತು, ಅಲ್ಲವೇ?" ಎಂದರು. ನನ್ನ ಕೈಯಲ್ಲಿದ್ದ ಬಟ್ಟಲು ಕೈಯಲ್ಲಿಯೇ ನಿಂತಿತು.

ಆಗಲೇ ಹೇಳಬಹುದಾಗಿತ್ತು. ಹೇಳಿದ್ದರೆ ಕೆಲಸ ಬಹಳ ಸುಲಭ: ಅನಿಲ ಇನ್ನೂ ಹುಟ್ಟಿರಲಿಲ್ಲ, ಮುಚ್ಚಳ ತೆಗೆದು ಸಡಿಲವಾಗಿ ಮುಚ್ಚಿ, ಹೆಚ್ಚಿನ ಸಕ್ಕರೆ ಹುದುಗಿ ಹೋಗುವವರೆಗೆ ಕಾದು, ಆಮೇಲೆ ಅಳತೆಯಂತೆ ಮತ್ತೆ ಕೊಡಬಹುದಾಗಿತ್ತು. ಆದರೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಉಪನ್ಯಾಸಕನು ಸಕ್ಕರೆಯನ್ನು ಎರಡು ಸಲ ಹಾಕಿದನೆಂದು ಬಾಯಿ ಬಿಟ್ಟು ಹೇಳುವುದು ಹೇಗೆ? ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಲೆಕ್ಕ ಹಾಕಿದೆನು. ಮಟ್ಟಸವಾದ ಚಮಚಕ್ಕೆ 4 ಗ್ರಾಮು; ಲೀಟರಿಗೆ ಏಳು. ಮೊದಲಿನದೂ ಸೇರಿ ಹನ್ನೊಂದಕ್ಕೂ ಮಿಗಿಲು. ಎರಡು ಲೀಟರು ಅನಿಲ ಇರಬೇಕಾದಲ್ಲಿ ನಾಲ್ಕು. ಬೆಚ್ಚಗಿನ ಕೋಣೆಯಲ್ಲಿ ಅದರ ಒತ್ತಡ ಚದರ ಅಂಗುಲಕ್ಕೆ 50 ಪೌಂಡಿಗಿಂತ ಹೆಚ್ಚು; ಕಾರಿನ ಟೈರಿನಲ್ಲಿರುವುದು ಮೂವತ್ತರ ಆಸುಪಾಸು. ಕಾಗದದ ಮೇಲೆ ಉತ್ತರ ಸ್ಪಷ್ಟವಾಗಿದ್ದಿತು. ನಾನು ಮತ್ತೊಂದು ಕಾಗದ ತೆಗೆದುಕೊಂಡು, ಚಮಚ ಚಿಕ್ಕದಿರಬಹುದು, ಸೀಸೆ ಗಟ್ಟಿಯಿರಬಹುದು, ಯೀಸ್ಟು ಸೋತಿರಬಹುದು ಎಂದು ನನಗೆ ಬೇಕಾದ ಉತ್ತರ ಬರುವವರೆಗೆ ಲೆಕ್ಕವನ್ನು ತಿದ್ದಿದೆನು. ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಹೀಗೆ ಮಾಡಿದಾಗ ಕೆಂಪು ಶಾಯಿಯಿಂದ ಗೀಚಿದವನು ನಾನೇ.

ಸೀಸೆಗಳು ಅಡಿಗೆಮನೆಗೆ ಹೊಂದಿಕೊಂಡ ಉಗ್ರಾಣದಲ್ಲಿದ್ದವು; ನೀರು ಕಾಯಿಸುವ ಒಲೆಯ ಮಗ್ಗುಲಾದ್ದರಿಂದ ಅಲ್ಲಿ ಸದಾ ಬೆಚ್ಚಗೆ. ಯೀಸ್ಟಿಗೆ ಬೇಕಾದದ್ದೂ ಅದೇ. ಪ್ರತಿದಿನ ಬೆಳಗ್ಗೆ ಆ ಬಾಗಿಲಿನ ಮುಂದೆ ಹಾದುಹೋಗುವಾಗ 'ಸಂಜೆ ಹೇಳೋಣ' ಎಂದುಕೊಳ್ಳುವೆನು. ಸಂಜೆ 'ನಾಳೆ' ಎಂದುಕೊಳ್ಳುವೆನು. ಹೀಗೆ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ, ಮಂಗಳವಾರ ರಾತ್ರಿ, ಎಲ್ಲರೂ ಬೆಂಕಿಯ ಮುಂದೆ ಕುಳಿತಿದ್ದೆವು. ಯಜಮಾನಿತಿ ಉಗ್ರಾಣದಿಂದ ಮರುದಿನದ ಗಂಜಿಗೆ ಓಟ್ಸ್ ತಂದಿಟ್ಟು ಬಂದು ಕುಳಿತು ಹತ್ತು ನಿಮಿಷವಾಗಿರಬಹುದು. ಬಂದೂಕು ಹಾರಿದಂತಹ ಶಬ್ದವಾಯಿತು. ಬಾಗಿಲು ತೆಗೆದು ನೋಡಿದರೆ, ಎದೆಯೆತ್ತರದ ಹಲಗೆಯಲ್ಲಿದ್ದ ಹಿಟ್ಟಿನ ಚೀಲವನ್ನು ಗಾಜಿನ ಒಂದು ಉದ್ದನೆಯ ಚೂರು ಸೀಳಿ ನಿಂತಿದ್ದಿತು. ಓಟ್ಸಿನ ಡಬ್ಬ ಅದರ ಪಕ್ಕದಲ್ಲಿತ್ತು. ನಾನು ಆ ಚೂರನ್ನೂ ಆ ತಾಯಿಯ ಎತ್ತರವನ್ನೂ ನೋಡಿದೆನು.

ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆನು. ಮುದುಕರು ಸಿಟ್ಟಾಗಲಿಲ್ಲ. ಬಾಗಿಲನ್ನು ಮೆಲ್ಲಗೆ ಹಾಕಿ, "ಎಷ್ಟು ಚಮಚ?" ಎಂದರು.

"ಸೀಸೆಗೊಂದು."

"ಮಟ್ಟಸವೋ, ಗುಡ್ಡೆಯೋ?"

"ಮಟ್ಟಸ."

"ನಲವತ್ತಕ್ಕೂ ಒಂದೇ ಸಮನೆ?"

"ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಉಳಿಸಬಹುದು. ಎಷ್ಟು ಬರಬೇಕೋ ಅಷ್ಟೂ ಬಂದಿದೆ, ಇನ್ನು ಬರುವುದು ಅಲ್ಪ" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನನ್ನ ಮುಖ ನೋಡದೆ, "ಬಾಯ್ಲರಿನಲ್ಲಿ ನೀರು ಇಳಿದದ್ದನ್ನು ಫೈರ್‌ಮನ್ ಆದವನು ಡ್ರೈವರಿಗೆ ಆ ಕ್ಷಣವೇ ಹೇಳುತ್ತಾನೆ. ತನ್ನ ತಪ್ಪಿನಿಂದ ಇಳಿದಿದ್ದರೆ ಇನ್ನೂ ಬೇಗ ಹೇಳುತ್ತಾನೆ" ಎಂದರು. ಬೈಗುಳವೆಂದರೆ ಅದಿಷ್ಟೇ. ಅವರ ಹೆಂಡತಿ ಗುಡಿಸಲು ಹೊರಟವರನ್ನು ಕೈ ಹಿಡಿದು ತಡೆದು ಕೂರಿಸಿದರು. ಬೆಳಗಿನವರೆಗೆ ಆ ಕೋಣೆಗೆ ಯಾರೂ ಹೋಗಕೂಡದೆಂದು ಹೇಳಿದರು.

ಆ ಮುದುಕರು ಹೆನ್ರಿಯ ನಿಯಮವನ್ನು ಓದಿದವರಲ್ಲ. ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ಪ್ರಕಟಿಸಿದ ಆ ನಿಯಮವನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೆನೋ ಲೆಕ್ಕವಿಲ್ಲ: ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿನ ಒತ್ತಡಕ್ಕೆ ಅನುಗುಣ. ತಣ್ಣನೆಯ ದ್ರವದಲ್ಲಿ ಅನಿಲ ಹೆಚ್ಚು ಕರಗುವುದೆಂಬುದು ಅದರ ಜೊತೆಗಿನ ಮಾತು. ಅವರು ಮಾಡಿದ್ದು ಅದನ್ನೇ. ಹೊರಗೆ ಹಿಮ ಬೀಳುವ ಚಳಿ. ಒಲೆಯನ್ನು ನಂದಿಸಿ, ಅಂಗಳದ ಕಡೆಯಿಂದ ಹೋಗಿ ಉಗ್ರಾಣದ ಕಿಟಕಿಯನ್ನು ಹೊರಗಿನಿಂದಲೇ ಕೋಲಿನಿಂದ ನೂಕಿ ತೆರೆದರು. ಬೆಳಗಾಗುವ ಹೊತ್ತಿಗೆ ಸೀಸೆಗಳು ಮಂಜಿನಷ್ಟು ತಣ್ಣಗಾಗಿದ್ದವು. ಅದೇ ಅನಿಲ, ಅದೇ ಸೀಸೆ. ಒತ್ತಡ ಮಾತ್ರ ಅರ್ಧಕ್ಕೂ ಕೆಳಗೆ ಇಳಿದಿದ್ದಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ತಣ್ಣಗಾದ ಸೀಸೆ ನಿರಪಾಯವಾದದ್ದೆಂದು ತಿಳಿಯಬಾರದು. ಚಳಿಯಲ್ಲಿ ಯೀಸ್ಟು ಮಲಗುತ್ತದೆ, ಅನಿಲ ಅಡಗುತ್ತದೆ; ಎರಡೂ ಹೋಗುವುದಿಲ್ಲ. ಮತ್ತೆ ಬೆಚ್ಚಗಾದರೆ ಎರಡೂ ಏಳುತ್ತವೆ. ತಂಪು ನಮಗೆ ಕೊಡುವುದು ಕೆಲಸ ಮಾಡುವಷ್ಟು ಅವಕಾಶ ಮಾತ್ರ.

ಕೆಲಸ ನಡೆದದ್ದು ಅಂಗಳದಲ್ಲಿ. ಪ್ರಯೋಗಶಾಲೆಯಿಂದ ತಂದ ಕನ್ನಡಕ ನನಗೆ, ಹಳೆಯ ಮೋಟಾರುಸೈಕಲ್ ಕನ್ನಡಕ ಅವರಿಗೆ. ಮೈಗೆ ದಪ್ಪ ಕೋಟು, ಕೈಗೆ ಚರ್ಮದ ಕೈಚೀಲ. ಸೀಸೆಯನ್ನು ಒಂದೊಂದಾಗಿ ಒದ್ದೆಗೋಣಿಯಲ್ಲಿ ಸುತ್ತಿ, ಕತ್ತು ಮಾತ್ರ ಕಾಣುವಂತೆ ಕಬ್ಬಿಣದ ಬಕೆಟ್ಟಿನೊಳಗೆ ನಿಲ್ಲಿಸುವುದು. ಮೇಲೆ ಮಡಿಸಿದ ಟವೆಲು. ಓಪನರಿನ ತುದಿಯನ್ನು ತಗಡಿನ ಅಂಚಿಗೆ ಕೊಟ್ಟು ಕೂದಲೆಳೆಯಷ್ಟು ಎತ್ತಿದರೆ ಸುಸ್ಸೆಂದು ಉಸಿರು ಹೊರಡುತ್ತದೆ. ನೊರೆ ಕತ್ತಿನವರೆಗೆ ಏರುವುದನ್ನು ಕಂಡೊಡನೆ ಮುಚ್ಚಳವನ್ನು ಬಿಟ್ಟು ಒತ್ತಿ ಹಿಡಿಯಬೇಕು. ನೊರೆ ಇಳಿದ ಮೇಲೆ ಮತ್ತೆ. ನಾಲ್ಕಾರು ಸಲ ಹೀಗೆ ಮಾಡಿ, ಹೊಸ ಮುಚ್ಚಳವಿಟ್ಟು ಅಮುಕಿ, ಗೋಣಿಯಡಿ ಚಳಿಯಲ್ಲಿಯೇ ಇಡುವುದು. ಒಮ್ಮೆಗೇ ತೆರೆದುಬಿಟ್ಟರೆ ಅನಿಲದ ಜೊತೆಗೆ ಬೀರೂ ಹೋಗುತ್ತದೆ, ತಳದಲ್ಲಿ ಕುಳಿತ ಗಸಿಯೂ ಕದಡಿ ಮೇಲೆ ಬರುತ್ತದೆ.

ಪ್ರತಿಯೊಂದು ಸೀಸೆಯಿಂದ ಹೊರಗೆ ಹೋಗಬೇಕಾಗಿದ್ದ ಅನಿಲದ ತೂಕವನ್ನು ಆ ಮೇಲೆ ಲೆಕ್ಕ ಹಾಕಿ ನೋಡಿದೆನು. ಎರಡು ಗ್ರಾಮಿಗಿಂತ ತುಸು ಹೆಚ್ಚು. ಅಡಿಗೆಮನೆಯ ತಕ್ಕಡಿಯ ಮುಳ್ಳು ಅಲುಗುವಷ್ಟೂ ಇಲ್ಲ.

ಹನ್ನೆರಡನೆಯ ಸೀಸೆ ಬಕೆಟ್ಟಿನೊಳಗೇ ಸಿಡಿಯಿತು. ಗೋಣಿ ಮತ್ತು ಕಬ್ಬಿಣ ಅದನ್ನು ತಡೆದುಕೊಂಡವು. ಯಜಮಾನರ ಕೋಟಿನ ತೋಳು ಹರಿಯಿತು, ಅಷ್ಟೇ. ಆ ಬಳಿಕ ನನ್ನ ಕೈಗೆ ಭಯ ಹೊಕ್ಕಿತು. ನನ್ನ ಸರದಿಯ ಸೀಸೆಗಳಲ್ಲಿ ಏಳನ್ನು, ಉಸಿರು ಪೂರ್ತಿ ನಿಲ್ಲುವವರೆಗೆ ಮುಚ್ಚಳ ಎತ್ತಿಯೇ ಹಿಡಿದಿದ್ದೆನು. ಮುದುಕರು ನೋಡಿ, "ಈಗ ಇನ್ನೊಂದು ತಪ್ಪು ಮಾಡಿದೆ" ಎಂದರು. ಅದು ಸಪ್ಪೆಯಾಗಿಸುವ ತಪ್ಪು.

ಮರುದಿನ ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಉಸಿರು ಬಿಡಿಸಿದೆವು. ನಡುವೆ ಒಂದೇ ಒಂದು ಸೀಸೆಯನ್ನು ಪರೀಕ್ಷೆಗೆಂದು ಬಕೆಟ್ಟಿನಲ್ಲಿ ಮುಚ್ಚಿ ಎರಡು ದಿನ ಬೆಚ್ಚಗಿಟ್ಟು, ಮತ್ತೆ ತಣಿಸಿ ತೆರೆದು ನೋಡಿದರು. ಎಲ್ಲವನ್ನೂ ಬೆಚ್ಚಗೆ ತಂದು ಅದೃಷ್ಟ ನೋಡುವುದಕ್ಕಿಂತ ಒಂದನ್ನು ಪಣಕ್ಕೊಡ್ಡುವುದು ಲೇಸಲ್ಲವೇ?

ಸಪ್ಪೆಯಾದ ಏಳರ ಮಾತು ಬೇರೆ. ಸಪ್ಪೆ ಬೀರಿನಿಂದ ಯಾರಿಗೂ ಗಾಯವಾಗುವುದಿಲ್ಲವಾದ್ದರಿಂದ ಅದರ ಚಿಕಿತ್ಸೆಗೆ ಆತುರವಿಲ್ಲ. ಜನ ಇಲ್ಲಿ ಮಾಡುವ ತಪ್ಪೆಂದರೆ ಆತುರವೇ. ಅನೇಕ ಸಲ ಬೀರು ಸಪ್ಪೆಯಾಗಿ ಕಾಣುವುದು ಕೋಣೆ ತಣ್ಣಗಿರುವುದರಿಂದ. 20 ಡಿಗ್ರಿಯ ಹತ್ತಿರ ಎರಡು ವಾರ ಇಟ್ಟು, ಒಮ್ಮೆ ಸೀಸೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ತಳದ ಯೀಸ್ಟನ್ನು ಎಬ್ಬಿಸಿದರೆ ಸರಿಹೋಗುತ್ತದೆ. ಮುಚ್ಚಳ ಸೋರುತ್ತಿದ್ದರೆ ಹೊಸದು ಬೇಕು. ಬಹಳ ಕಾಲ ಇಟ್ಟ ಬೀರಾದರೆ ಯೀಸ್ಟು ಸೋತಿರಬಹುದು. ನಾಲ್ಕೈದು ಕಾಳು ಹೊಸ ಯೀಸ್ಟು ಸಾಕು. ಎಲ್ಲವನ್ನೂ ಮತ್ತೆ ಬಕೆಟ್ಟಿಗೆ ಸುರಿದು ಮೊದಲಿನಿಂದ ಮಾಡುವೆನೆನ್ನುವವನು ಕೆಡುತ್ತಾನೆ: ಗಾಳಿ ತಗುಲಿದ ಬೀರು ಕೆಲವು ವಾರಗಳಲ್ಲಿ ನೆನೆದ ರಟ್ಟಿನ ವಾಸನೆ ಹಿಡಿಯುತ್ತದೆ. ನಮ್ಮವಕ್ಕೆ ನಿಜವಾಗಿಯೇ ಅನಿಲ ಹೋಗಿದ್ದರಿಂದ ಸಕ್ಕರೆ ಕೊಡಬೇಕಾಯಿತು. ಅದನ್ನು ಕಾಳಾಗಿ ಹಾಕಿದರೆ, ಕಾಳಿನ ಒರಟು ಮೈ ಹಿಡಿದುಕೊಂಡು ಉಳಿದ ಅನಿಲವೂ ನೊರೆಯೆದ್ದು ಹೋಗುತ್ತದೆ. ಆದ್ದರಿಂದ ಅರ್ಧರ್ಧ ಚಮಚದ ಲೆಕ್ಕದಲ್ಲಿ ಪಾಕ ಕಾಯಿಸಿ, ಆರಿಸಿ, ಔಷಧದ ಪಿಚಕಾರಿಯಿಂದ ಅಳೆದು ಬಿಟ್ಟೆವು. ಅಳೆದವನು ನಾನು, ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸಿದವರು ಯಜಮಾನಿತಿ.

ಡಿಸೆಂಬರು 23ರಂದು ಮಗಳು ಬಂದಳು. ಮರುದಿನ ರಾತ್ರಿ ಮುದುಕರು ಮೊದಲ ಸೀಸೆಯನ್ನು ತೊಟ್ಟಿಯ ಮೇಲೆ ಹಿಡಿದು ತೆರೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ನೊರೆ ಬಾಯಿಯವರೆಗೆ ಬಂದು ನಿಂತಿತು, ಚೆಲ್ಲಲಿಲ್ಲ. ಅಳಿಯ ಕುಡಿದು ಚೆನ್ನಾಗಿದೆಯೆಂದನು. ಮಾವ, "ತುಸು ಹೆಚ್ಚೇ ಜೀವ ಇದೆ" ಎಂದರು. ನನ್ನ ವಿಚಾರ ಎತ್ತಲಿಲ್ಲ. ಏಳು ಸೀಸೆಗಳು ಜನವರಿಯಲ್ಲಿ ಸಿದ್ಧವಾದವು. ಅಷ್ಟರಲ್ಲಿ ಮಗಳು ಕೆನಡಾಕ್ಕೆ ಹೊರಟುಹೋಗಿದ್ದಳು.

ಒಂದು ಗಂಟೆಯ ಬಳಿಕ ನನ್ನ ಸೋದರಳಿಯ ಮತ್ತೆ ಕರೆದನು. ನಾನು ಮೊದಲು ಕೇಳಿದ್ದು ಲೀಡ್ಸಿನ ಪ್ರಶ್ನೆಯನ್ನೇ: "ಸಕ್ಕರೆ ಎಷ್ಟು?"

ಅವನು ಹೇಳಿದ ಪ್ರಮಾಣ ಸರಿಯಾಗಿಯೇ ಇದ್ದಿತು. "ಹುದುಗುವುದು ಮುಗಿದಿತ್ತೇ? ಹೈಡ್ರೋಮೀಟರು ಏನು ತೋರಿಸುತ್ತಿದ್ದಿತು?" ಎಂದೆ. ಹಾಲಿಗೆ ನೀರು ಬೆರಸಿದ್ದಾರೆಯೇ ಎಂದು ನೋಡುವ ಲ್ಯಾಕ್ಟೋಮೀಟರಿನ ಸೋದರ ಅದು; ಬೀರಿನಲ್ಲಿ ಎಷ್ಟು ಸಕ್ಕರೆ ಉಳಿದಿದೆಯೆಂದು ತಿಳಿಸುತ್ತದೆ. ಎರಡು ಮೂರು ದಿನ ಒಂದೇ ಅಂಕೆಯಲ್ಲಿ ನಿಂತರೆ ಮಾತ್ರ ಸೀಸೆಗೆ ತುಂಬಬಹುದು.

"1.018 ಇದ್ದಿತು, ಮಾವ. 1.010ಕ್ಕೆ ಇಳಿಯಬೇಕಾಗಿತ್ತು. ಸ್ನೇಹಿತರನ್ನು ಊಟಕ್ಕೆ ಕರೆದಿದ್ದೆ, ಅದಕ್ಕೇ ತುಂಬಿಬಿಟ್ಟೆ."

ಕೊನೆಯ ಅಂಕೆಯಲ್ಲಿ ಒಂದು ಇಳಿಯುವಷ್ಟು ಸಕ್ಕರೆ ಹುದುಗಿದರೆ ಲೀಟರಿಗೆ ಸುಮಾರು ಅರ್ಧ ಲೀಟರು ಅನಿಲ. ಎಂಟು ಇಳಿಯಬೇಕಾದದ್ದು ಸೀಸೆಯೊಳಗೆ ಇಳಿದರೆ ನಾಲ್ಕು ಲೀಟರು, ಹಾಕಿದ ಸಕ್ಕರೆಯದು ಬೇರೆ. ಅದರಲ್ಲಿ ಎಷ್ಟು ಬಂದಿದೆ, ಎಷ್ಟು ಬರಬೇಕಾಗಿದೆ ಎಂದು ಅವನಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ನನ್ನ ತಪ್ಪಿಗೆ ಚಮಚದ ಅಳತೆ ಇದ್ದಿತು, ಇವನದಕ್ಕೆ ಇರಲಿಲ್ಲ. ಸರಿಯಾಗಿ ತೊಳೆಯದ ಸೀಸೆಯಲ್ಲಿ ಕಾಡು ಯೀಸ್ಟು ಸೇರಿಕೊಂಡಾಗಲೂ ಹೀಗೆಯೇ: ಒಳ್ಳೆಯ ಯೀಸ್ಟು ಮುಟ್ಟದ ಪದಾರ್ಥಗಳನ್ನೂ ಅದು ತಿನ್ನುತ್ತ ಹೋಗುತ್ತದೆ, ಕೊನೆಯೆಲ್ಲಿಯೋ ತಿಳಿಯದು.

"ಇದು ಉಳಿಸುವ ಬಾಬಲ್ಲ. ಒಂದು ರಾತ್ರಿಯಿಡೀ ತಣ್ಣಗಾಗಲಿ. ಆಮೇಲೆ ಕನ್ನಡಕ, ಕೈಚೀಲ, ದಪ್ಪ ಕೋಟು. ಒಂದೊಂದಾಗಿ ತೆರೆದು ಸುರಿದುಬಿಡು" ಎಂದೆ.

"ಎಲ್ಲವನ್ನೂ? ಮುಂದಿನ ಸಲ ಪೀಪಾಯಿಯಲ್ಲಿಯೇ ತುಂಬುತ್ತೇನೆ ಬಿಡಿ" ಎಂದು ನೊಂದುಕೊಂಡನು. ಸೋಡಾ ವ್ಯಾಪಾರಿಗಳು ಬಿಟ್ಟ 19 ಲೀಟರಿನ ಉಕ್ಕಿನ ಪೀಪಾಯಿಗಳು ಅಲ್ಲಿ ಬೀರು ಮಾಡುವವರಿಗೆ ಸಿಗುತ್ತವೆಯಂತೆ. ಅದರಲ್ಲಿ ತಪ್ಪು ತಿದ್ದುವುದು ಸುಲಭ, ನಿಜ. ಅನಿಲ ಹೆಚ್ಚಾದರೆ ಸಿಲಿಂಡರಿನ ಕೊಳವೆ ಬಿಚ್ಚಿ, ಮೇಲಿನ ವಾಲ್ವನ್ನು ಎತ್ತಿ, ದಿನಕ್ಕೆ ನಾಲ್ಕೈದು ಸಲ ಉಸಿರು ಬಿಟ್ಟರಾಯಿತು. ಕಡಿಮೆಯಾದರೆ ಶಾಖಕ್ಕೆ ತಕ್ಕಷ್ಟು ಒತ್ತಡವನ್ನು ಕೊಟ್ಟು ಒಂದು ವಾರ ಕಾದರಾಯಿತು. ಆತುರಗಾರರು ಪೀಪಾಯಿಯನ್ನು ಅಲ್ಲಾಡಿಸಿ ಎರಡನೆಯ ತಪ್ಪನ್ನು ಮೊದಲಿನದಕ್ಕೆ ಬದಲಾಗಿ ಮಾಡಿಕೊಳ್ಳುತ್ತಾರೆ. ಉಕ್ಕು ಸಿಡಿಯುವುದಿಲ್ಲ, ವಾಲ್ವು ಇರುತ್ತದೆ. ಹೈಡ್ರೋಮೀಟರನ್ನು ನೋಡುವ ಕೆಲಸ ಮಾತ್ರ ಅಲ್ಲಿಯೂ ತಪ್ಪುವುದಿಲ್ಲವೆಂದು ಅವನಿಗೆ ಹೇಳಿದೆ.

ಮೂರು ದಿನದ ಮೇಲೆ ಕರೆದನು.

"ಎಷ್ಟು ಹೋಯಿತು?" ಎಂದೆ.

"ಎಲ್ಲವೂ ಹೋಯಿತು, ಮಾವ. ಇನ್ನೆರಡು ಒಡೆದವು. ಕೈ ಕಣ್ಣು ನೆಟ್ಟಗಿವೆ. ಅಮ್ಮನಿಗೆ ಹೇಳಲಿಲ್ಲ ತಾನೆ?"

ಹೇಳಲಿಲ್ಲವೆಂದೆ. ಆಗ ಈ ಲೇಖನವನ್ನು ಬರೆಯಲು ನಾನಿನ್ನೂ ಆರಂಭಿಸಿರಲಿಲ್ಲ.